ಬೀನ್ ಬಂದಾನೇನ್ರೀ? – ಓದುಗರು ಕೇಳ್ಯಾರ, ನಾವು ಹೇಳೀವಿ

ಈ ತಿಂಗಳು ಬಂದ ಪ್ರಶ್ನೆ ಎಲ್ಲಾ ಹರವಿಕೊಂಡು ಕುಂತಾಗ ನನಗ ಭಾಳ ಖುಷಿ ಆಯ್ತು, ಯಾಕಂದ್ರ ಪಹಣಿ ಪ್ರಶ್ನೆ, ಶುಗರ್ ಪ್ರಶ್ನೆ, ತೊಗರಿ ರೇಟಿನ ಪ್ರಶ್ನೆ ನಡುವ ಒಂದ್ ದೊಡ್ಡ ಗಂಟು ಪೂರಾ ಒಬ್ಬರ ಮ್ಯಾಲೇ ಇತ್ತು. ರೋವನ್ ಅಟ್ಕಿನ್ಸನ್. ಹಂಗಂದ್ರ ನಮ್ ಕಡಿ ಭಾಳ ಮಂದಿಗಿ ಗೊತ್ತಾಗಂಗಿಲ್ಲ, ಮಿಸ್ಟರ್ ಬೀನ್ ಅನ್ರಿ, ಬಾಲವಾಡಿ ಹುಡುಗನಿಂದ ಹಿಡ್ದು ಮುತ್ಯಾನ ತನಕ ಎಲ್ಲಾರಿಗೂ ಗೊತ್ತು. ಹಂಗಾಗಿ ಈ ಸಲದ ಪುಟ ಪೂರಾ ಅದಕ್ಕೇ ಬಿಟ್ಟೀನಿ, ಪಹಣಿ ಪ್ರಶ್ನೆ ಕಳಿಸಿದವ್ರು ಮುಂದಿನ ಸಂಚಿಕೆ ತನಕ ತಾಳ್ರಿ.

ಮಿಸ್ಟರ್ ಬೀನ್ ಹೊಸ ಸೀರಿಯಲ್ ಬಂದದ ಅಂತ ಮಕ್ಕಳು ಕುಣಿದಾಡಿದ್ರು. ಹಾಕಿ ನೋಡಿದ್ರ ಅಂವ ಮುದುಕ ಆಗ್ಯಾನ, ಮಾತಾಡ್ತಾನ, ಹಸಿರು ಕಾರ್ ಇಲ್ಲ. ಇಂವ ಬೀನ್ ಹೌದೋ ಅಲ್ಲೋ? (ಬ್ರಹ್ಮಪುರ, ಕಲಬುರಗಿಯಿಂದ ಒಬ್ಬ ಅಕ್ಕೋರು)

ಅಲ್ರಿ ಅಕ್ಕೋರೆ, ಬೀನ್ ಅಲ್ಲ. ಮುಖ ಅದೇ, ಮನಷ್ಯಾ ಬ್ಯಾರೆ. ನೀವು ನೋಡಿದ್ದು ಮ್ಯಾನ್ ವರ್ಸಸ್ ಬೇಬಿ, 2025ರ ಡಿಸೆಂಬರ್ 11ಕ್ಕ ನೆಟ್‌ಫ್ಲಿಕ್ಸಿನಾಗ ಬಂತು, ನಾಲ್ಕೇ ಎಪಿಸೋಡು. ಅದರಾಗಿನ ಮನಷ್ಯಾನ ಹೆಸರು ಟ್ರೆವರ್ ಬಿಂಗ್ಲಿ. ಇಂವನೂ ಹೊಸಬ ಅಲ್ಲ, 2022ರ ಜೂನ್‌ದಾಗ ಮ್ಯಾನ್ ವರ್ಸಸ್ ಬೀ ಅಂತ ಒಂಬತ್ತು ಸಣ್ಣ ಸಣ್ಣ ಎಪಿಸೋಡಿಂದು ಬಂದಿತ್ತಲ್ಲ, ಅದರಾಗ ಇದೇ ಟ್ರೆವರ್ ಶ್ರೀಮಂತರ ಬಂಗ್ಲೆ ಕಾಯೋ ಕೆಲಸಕ್ಕ ಹೋಗಿ, ಒಂದ್ ಜೇನ್ಹುಳದ ಬೆನ್ನ ಹತ್ತಿ ಆ ಬಂಗ್ಲೆ, ಅದರಾಗಿನ ದುಬಾರಿ ಚಿತ್ರ, ಹಳೆ ಜಾಗ್ವಾರ್ ಕಾರ್ ಎಲ್ಲಾ ಹಾಳ್ ಮಾಡಿ ಕೋರ್ಟ್ ತನಕ ಹೋಗಿದ್ದ. ಅಂವನೇ ಈಗ ಮತ್ತ ಬಂದಾನ. ಈ ಸಲ ಮನಿ ಕಾಯೋ ಕೆಲಸ ಬಿಟ್ಟು ಒಂದ್ ಸಾಲ್ಯಾಗ ಕೇರ್‌ಟೇಕರ್ ಆಗ್ಯಾನ. ಕ್ರಿಸ್ಮಸ್ ರಜೆ ಮುಂಚಿನ ಕಡಿ ದಿನ ಸಾಲ್ಯಾಗ ಯೇಸು ಹುಟ್ಟಿದ ನಾಟಕ, ಆ ನಾಟಕದಾಗ ಯೇಸು ಆಗಿ ಮಲಗಿದ್ದ ಕೂಸಿನ್ನ ವಾಪಸ್ ಕರ್ಕೊಂಡ್ ಹೋಗ್ಲಾಕ ಯಾರೂ ಬರಂಗಿಲ್ಲ. ಅದೇ ಹೊತ್ತಿಗಿ ಲಂಡನ್ನಿನ ಒಂದ್ ದೊಡ್ಡ ಪೆಂಟ್‌ಹೌಸ್ ಕಾಯ್ಲಾಕ ಛಲೋ ಪಗಾರದ ಕೆಲಸ ಬರ್ತದ, ಅಂವ ಕೂಸಿನ್ನ ಕಟ್ಕೊಂಡೇ ಹೋಗ್ತಾನ.

ಬೀನ್‌ಗೂ ಟ್ರೆವರ್‌ಗೂ ಏನ್ ಫರಕ್ ಅಂದ್ರ, ಬೀನ್‌ಗ ಯಾರೂ ಬೇಕಾಗಿಲ್ಲ, ತನ್ನ ಕರಡಿ ಗೊಂಬಿ ಟೆಡ್ಡಿ ಇದ್ರ ಸಾಕು. ಟ್ರೆವರ್‌ಗ ಡೈವೋರ್ಸ್ ಆಗ್ಯದ, ಬೆಳೆದ ಮಗಳಿದ್ದಾಳ, ಆಕಿ ಜೋಡಿ ನಾಕ್ ದಿನ ಇರಬೇಕು ಅನ್ನೋದೇ ಅವನ ದೊಡ್ಡ ಆಸೆ. ಬೀನ್ ಏನರ ಒಡೆದ್ರ ನಮಗ ಬರೇ ನಗಿ ಬರ್ತದ, ಟ್ರೆವರ್ ಒಡೆದಾಗ ನಗಿ ಜೋಡಿ ಅಯ್ಯೋ ಪಾಪ ಅಂತನೂ ಅನ್ಸ್ತದ. ನಿಮ್ಮ ಮಕ್ಕಳು ಬೀನ್ ಅಂದ್ರೂ ತಪ್ಪಿಲ್ಲ ಬಿಡ್ರಿ, ನಮ್ಮನಿ ಮಕ್ಕಳೂ ಹಂಗೇ ಅಂತಾವ.

ನಾನು ಸಾಲಿ ಮಾಸ್ತರ. ನಮ್ ಹುಡುಗ್ರಿಗಿ ಇಂಗ್ಲಿಷ್ ಒಂದ್ ವಾಕ್ಯ ಓದ್ಲಾಕ ಹೇಳಿದ್ರ ತಲಿ ಕೆಳಗ ಹಾಕ್ತಾರ, ಆದ್ರ ಈ ಇಂಗ್ಲಿಷ್ ಮನಷ್ಯಾನ್ನ ನೋಡಿ ಹೊಟ್ಟಿ ಹಿಡ್ಕೊಂಡು ನಗ್ತಾರ. ಇದು ಹ್ಯಾಂಗ? (ಸೇಡಂ)

ಮಾಸ್ತರ್ರೇ, ಈ ಪ್ರಶ್ನೆಗಿ ಉತ್ತರ ಜರಾ ಉದ್ದ ಆಗ್ತದ, ನನಗ ಇದರ ಬಗ್ಗಿ ಹೇಳ್ಲಾಕ ಭಾಳ ಅದ.

ಮೊದ್ಲು ನಮ್ಮನಿ ಒಂದ್ ಮಧ್ಯಾಹ್ನ ಹೇಳ್ತೀನಿ. ಏಪ್ರಿಲ್ ಕಡಿ ವಾರ, ಹೊರಗ ಕಾಲ್ ಇಡ್ಲಾಕ ಆಗಲಾರದ ಬಿಸಿಲು, ಇಡೀ ಮನಿಗಿ ಒಂದೇ ಕೂಲರ್, ಹಂಗಾಗಿ ಆಜೂಬಾಜೂ ಮನ್ಯಾವ್ರೂ ನಮ್ಮ ಪಡಸಾಲ್ಯಾಗೇ. ಬಾಜೂಮನಿ ಚಾಚಿ ಮನ್ಯಾಗ ಉರ್ದು, ಹಿಂದಿನ ಮನಿ ಟೇಲರ್ ಮಾಮಾ ಮರಾಠಿ, ಮ್ಯಾಲಿನ ರೂಮಿನಾಗ ಬಾಡಿಗಿ ಇದ್ದ ಇಬ್ರು ಹುಡುಗ್ರು ತಾಂಡೂರ ಕಡಿಯವ್ರು, ತೆಲುಗು. ನಮ್ಮ ಆಯಿಗಿ ಕನ್ನಡ ಬಿಟ್ರ ಬ್ಯಾರೆ ಏನೂ ಬರ್ತಿರ್ಲಿಲ್ಲ. ಟಿವಿ ಹಚ್ಚಿದ್ರ ಯಾವಾಗ್ಲೂ ಜಗಳಾ, ಒಬ್ರಿಗಿ ಒಂದ್ ಚಾನೆಲ್ ಬೇಕು ಇನ್ನೊಬ್ರಿಗಿ ಇನ್ನೊಂದು. ಅವತ್ತು ನನ್ನ ತಮ್ಮ ಪೋಗೋ ಹಾಕ್ಯಾನ, ಬೀನ್ ಬಂದಾನ. ಕ್ರಿಸ್ಮಸ್ ಹಬ್ಬದ ಎಪಿಸೋಡು, ದೊಡ್ಡ ಟರ್ಕಿ ಕೋಳಿ ತಂದಾನ, ಅದರ ಹೊಟ್ಟಿ ಒಳಗ ಮಸಾಲಿ ತುಂಬುವಾಗ ಅವನ ಕೈಗಡಿಯಾರ ಒಳಗೇ ಬಿದ್ದದ, ಹುಡುಕ್ಲಾಕ ಹೋಗಿ ತಲಿನೇ ಒಳಗ ಹಾಕ್ಯಾನ, ತಲಿ ಸಿಕ್ಕೊಂಡದ. ಕೋಳಿನೇ ತಲಿ ಆಗಿ ಒಬ್ಬ ಮನಷ್ಯಾ ಕೈ ಮುಂದ ಮಾಡ್ಕೊಂಡು ಮನಿ ತುಂಬಾ ಅಡ್ಡಾಡ್ತಾನ. ನಮ್ಮ ಆಯಿ ಮುತ್ಯಾನ ಕಾಲದಿಂದ ಮಾಂಸ ಮುಟ್ಟಿದಾಕಿ ಅಲ್ಲ, ಮೊದ್ಲು "ಏ ಶಿವನೇ" ಅಂತ ಸೆರಗು ಮುಖಕ್ಕ ಹಿಡ್ಕೊಂಡ್ಲು. ಆಮ್ಯಾಲ ನೋಡ್ತೀನಿ, ಸೆರಗಿನ ಹಿಂದ ಆಕಿ ಭುಜ ಅಲುಗ್ಲಾಕತ್ತಾವ. ಆಕಿ ನಗೋದು ನೋಡಿ ಚಾಚಿ ನಕ್ಕು, ಚಾಚಿ ನೋಡಿ ಮಾಮಾ, ಕಡಿಗಿ ಕರೆಂಟ್ ಹೋಯ್ತು, ಟಿವಿ ಬಂದಾಯ್ತು, ಕೂಲರ್ ನಿಂತ್ತು, ಆದ್ರೂ ನಗಿ ಮಾತ್ರ ನಿಲ್ಲಲಿಲ್ಲ. ಆ ಪಡಸಾಲ್ಯಾಗ ನಾಕ್ ಭಾಷೆ ಇದ್ವು, ಒಂದೂ ಬೇಕಾಗ್ಲಿಲ್ಲ.

ಇದು ತಾನಾಗೇ ಆಗಿದ್ದಲ್ಲ ಮಾಸ್ತರ್ರೇ, ಅಟ್ಕಿನ್ಸನ್ ಅವ್ರು ಮುದ್ದಾಂ ಹಂಗ ಮಾಡ್ಯಾರ. ಬೀನ್ ಟಿವಿಗಿ ಬಂದಿದ್ದು 1990ರ ಜನವರಿ 1ಕ್ಕ, ಬ್ರಿಟನ್ನಿನ ಐಟಿವಿ ಚಾನೆಲ್ಲಿನಾಗ. ಅದಕ್ಕಿಂತ ಮೂರು ವರ್ಷ ಮುಂಚೆ, 1987ರಾಗ, ಕೆನಡಾದ ಮಾಂಟ್ರಿಯಲ್ ಊರಾಗ ದೊಡ್ಡ ಕಾಮಿಡಿ ಫೆಸ್ಟಿವಲ್ ಇತ್ತು. ಅಲ್ಲಿ ಇಂಗ್ಲಿಷ್ ಸ್ಟೇಜ್ ಬ್ಯಾರೆ, ಫ್ರೆಂಚ್ ಸ್ಟೇಜ್ ಬ್ಯಾರೆ. ಇವ್ರು ನನ್ನ ಫ್ರೆಂಚ್ ಸ್ಟೇಜಿಗೇ ಹಾಕ್ರಿ ಅಂತ ಹಟ ಹಿಡ್ದ್ರು. ನಡೆಸೋರಿಗಿ ತಿಳಿಲಿಲ್ಲ, ಇವರ ಆಟದಾಗ ಫ್ರೆಂಚ್ ಮಾತು ಒಂದೂ ಇರ್ಲಿಲ್ಲ, ಅಲ್ಲಿ ಹೋಗಿ ಏನ್ ಮಾಡ್ತಾರ ಅಂತ. ಅವರಿಗಿ ಬೇಕಾಗಿದ್ದೇ ಅದು, ಇಂಗ್ಲಿಷ್ ಬರಲಾರದ ಮಂದಿ ಮುಂದ ಈ ಮನಷ್ಯಾ ನಿಲ್ತಾನೋ ಇಲ್ಲೋ ನೋಡಬೇಕಿತ್ತು. ನಿಂತ. ನಮ್ಮ ಆಯಿ ಪಡಸಾಲ್ಯಾಗ ಕುಂತು ನಕ್ಕಿದ್ದಕ್ಕ ಅಡಿಪಾಯ ಅಲ್ಲಿ ಬಿದ್ದದ ಅಂತ ನನಗ ಅನ್ಸ್ತದ.

ಅದೇ 1987ರಾಗ ನಮ್ಮಲ್ಲಿ ಏನ್ ಬಂತು ನೆನಪು ಮಾಡ್ಕೋರಿ. ಸಿಂಗೀತಂ ಶ್ರೀನಿವಾಸರಾವ್ ಅವರ ಪುಷ್ಪಕ ವಿಮಾನ, ಬೆಂಗಳೂರಾಗ ಶೂಟಿಂಗ್ ಮಾಡಿದ್ದು, ಪೂರಾ ಪಿಕ್ಚರಿನಾಗ ಒಂದೂ ಡೈಲಾಗ್ ಇಲ್ಲ. ಅದಕ್ಕ ಡಬ್ಬಿಂಗ್ ಬೇಕಾಗ್ಲಿಲ್ಲ, ಇಡೀ ದೇಶ ನೋಡಿತು. ಮಾತು ತೆಗೆದ್ರ ನಗಿ ಎಷ್ಟು ದೂರ ಹೋಗ್ತದ ಅನ್ನೋದು ಒಂದೇ ವರ್ಷ ಎರಡು ಕಡಿ ಗೊತ್ತಾಯ್ತು, ಇದು ನೆನೆಸಿದಾಗೊಮ್ಮೆ ನನಗ ಮೈ ಜುಮ್ ಅಂತದ.

ನಿಮ್ ಕ್ಲಾಸಿಗಿ ಒಂದ್ ಮಾತು. ಬೀನ್‌ದು ಮೊದಲನೇ ಎಪಿಸೋಡಿನಾಗ ಪರೀಕ್ಷೆ ಸೀನ್ ಅದ, ಟ್ರಿಗ್ನಾಮೆಟ್ರಿ ಓದ್ಕೊಂಡು ಬಂದಾನ, ಕವರ್ ತೆಗೆದ್ರ ಕ್ಯಾಲ್ಕುಲಸ್ ಪೇಪರ್. ಬಾಜೂದವನದು ಕಾಪಿ ಹೊಡೀಲಾಕ ಏನೇನೋ ಮಾಡ್ತಾನ, ಕಡಿಗಿ ಟೈಮ್ ಮುಗಿದ ಮ್ಯಾಲ ಗೊತ್ತಾಗ್ತದ ಕವರಿನಾಗ ಇನ್ನೊಂದು ಪೇಪರ್ ಇತ್ತು ಅಂತ. ಅದು ನಿಮ್ ಹುಡುಗ್ರಿಗಿ ತೋರಿಸಿ, ಆಮ್ಯಾಲ ಆಗಿದ್ದು ಏನು ಅಂತ ಅವರ ಕಡಿಂದ ಇಂಗ್ಲಿಷಿನಾಗ ಹೇಳಿಸ್ರಿ. ಮಾತು ಇಲ್ಲದ ಕಥಿಗಿ ತಾವೇ ಮಾತು ಹಾಕಬೇಕು, ಪುಸ್ತಕದಾಗಿನ ವಾಕ್ಯ ಬಾಯಿಪಾಠ ಹೊಡೆಯೋದು ಅಲ್ಲ, ತಲಿ ಎತ್ತಿ ಹೇಳ್ತಾರ ನೋಡ್ರಿ.

ಬೀದರಿನ ನಮ್ಮ ಚರ್ಚಿನಾಗ ಪ್ರತಿ ವರ್ಷ ಕ್ರಿಸ್ಮಸ್ ನಾಟಕ ಮಾಡ್ತೀವಿ, ಯೇಸು ಆಗ್ಲಾಕ ಒಮ್ಮೊಮ್ಮೆ ಗೊಂಬಿ ಇಡ್ತೀವಿ, ಒಮ್ಮೊಮ್ಮೆ ಖರೇ ಕೂಸು. ಹಂಗಾಗಿ ಈ ಹೊಸ ಸೀರೀಸ್ ಕಥಿ ಕೇಳಿ ನಮಗ ಭಾಳ ಹತ್ರ ಅನ್ಸ್ತು. ಆದ್ರ ನಮ್ ಯಜಮಾನ್ರು ಇದು ಹಳೆದೇ, ಬೀನ್ ಹಿಂದೇನೇ ಕೂಸು ಹಿಡ್ಕೊಂಡು ಓಡಾಡ್ಯಾನ ಅಂತಾರ. ಖರೇನಾ?

ಖರೇ ಅದ, ನಿಮ್ ಯಜಮಾನ್ರ ನೆನಪು ಗಟ್ಟಿ ಅದ. 1994ರ ಏಪ್ರಿಲ್‌ದಾಗ ಬಂದ ಮೈಂಡ್ ದ ಬೇಬಿ ಮಿಸ್ಟರ್ ಬೀನ್ ಅನ್ನೋ ಎಪಿಸೋಡು. ಸೌತ್‌ಸೀ ಅಂತ ಸಮುದ್ರದ ದಂಡಿ ಊರು, ಅಲ್ಲಿ ಜಾತ್ರಿ ಇದ್ದಂಗ ತೊಟ್ಟಲು, ಆಟಗಾಡಿ ಎಲ್ಲಾ ಅದಾವ. ಕೂಸಿನ ಪ್ರ್ಯಾಮ್ ಅವನ ಕಾರಿಗಿ ಸಿಕ್ಕೊಂಡು ಬಂದು ಬಿಡ್ತದ, ಅವ್ವ ಎಲ್ಲೋ ಉಳೀತಾಳ. ಕಡಿಗಿ ಆ ಕೂಸು ಬಲೂನಿನ ಗೊಂಚಲ ಹಿಡ್ಕೊಂಡು ಆಕಾಶಕ್ಕ ಏರ್ತದ, ಬೀನ್ ಬಿಲ್ಲು ಬಾಣ ತಗೊಂಡು ಬಲೂನ್ ಒಡೆದು ಕೆಳಗ ಇಳಿಸ್ತಾನ.

ನಾನು ಹೊಸದು ನೋಡಿದ ಮರುದಿನ ಹಳೆದು ಮತ್ತ ಹಾಕಿ ನೋಡ್ದೆ, ಎರಡೂ ಜೋಡಿ ಇಟ್ಟು ನೋಡಬೇಕು ಅಂತ. 1994ರ ಆ ಎಪಿಸೋಡಿನಾಗ ಅಟ್ಕಿನ್ಸನ್ ಅವರಿಗಿ 39, ಹೊಸದು ಬಂದಾಗ 70. ಅವತ್ತಿನ ಬೀನ್‌ಗ ಕೂಸು ಅಂದ್ರ ತ್ರಾಸು, ತನಗ ಜಾತ್ರಿ ಆಡಬೇಕು, ಇದೊಂದು ಬೆನ್ನ ಹತ್ಯದ ಅನ್ನೋ ಮುಖ. ಯಾಕಂದ್ರ ಬೀನ್ ತಾನೇ ಕೂಸು, ದೊಡ್ಡ ಮನಷ್ಯಾನ ಮೈಯಾಗ ಕುಂತ ಸಣ್ಣ ಹುಡುಗ, ಕೂಸಿಗೂ ಕೂಸಿಗೂ ಎಲ್ಲಿ ಹೊಂದ್ತದ. ಇವತ್ತಿನ ಟ್ರೆವರ್ ಅಪ್ಪ ಆಗಿ ನೋಡ್ಯಾನ. ಅವನ ಕೈಯಾಗ ಕೂಸು ಕೂಡೋ ರೀತಿನೇ ಬ್ಯಾರೆ, ಗಾಬರಿ ಇದ್ರೂ ಕೈ ಗಾಬರಿ ಆಗಂಗಿಲ್ಲ. ನೀವು ಅವನ ಮುಖ ಬಿಟ್ಟು ಎಡಗೈ ಅಷ್ಟೇ ನೋಡ್ರಿ ಒಂದ್ಸಲ, ಬಲಗೈ ಬ್ಯಾರೆ ಕೆಲಸ ಹುಡುಕುವಾಗ ಎಡಗೈ ಕೂಸಿನ ಬೆನ್ನಿಗಿ ಹ್ಯಾಂಗ ನಿಲ್ತದ. ಮಕ್ಕಳ್ನ ಎತ್ತಿ ಬೆಳೆಸಿದವ್ರಿಗಿ ಅದು ತಟ್ ಅಂತ ತಿಳೀತದ. ಬೀನ್ ವಾಪಸ್ ಬರ್ಲಿಲ್ಲ ಅಂತ ಭಾಳ ಮಂದಿ ಬೇಜಾರು ಮಾಡ್ಕೊಂಡು ಬರ್ದಾರ, ನನಗ ಮಾತ್ರ ಇದೇ ಛಲೋ ಆಯ್ತು ಅನ್ಸ್ತದ. ನಗಿಸೋ ಮೈ ಅದೇ ಅದ, ಅದರ ಒಳಗಿನ ಮನಷ್ಯಾ ನಮ್ ಜೋಡಿನೇ ಬೆಳೆದಾನ.

ನಾನು ಇಲ್ಲೇ ಕಲಬುರಗಿಯಾಗ ಇಂಜಿನಿಯರಿಂಗ್ ಮಾಡ್ಲಾಕತ್ತೀನಿ, ಎಲೆಕ್ಟ್ರಿಕಲ್, ಥರ್ಡ್ ಇಯರ್. ಕಾಲೇಜ್ ಗ್ಯಾದರಿಂಗ್‌ದಾಗ ಪ್ರತಿ ವರ್ಷ ಮೂಕಾಭಿನಯ ಮಾಡಿ ಪ್ರೈಜ್ ತಗೊಂಡೀನಿ. ಮನ್ಯಾಗ ಹೇಳಿದ್ರ ಅಪ್ಪ ಸಿಟ್ಟಿಗೇಳ್ತಾರ. ಓದು ಬಿಡ್ಲೇನು?

ಬಿಡಬ್ಯಾಡ ತಮ್ಮಾ. ಇದು ನಿನಗ ಬೇಕಂತಲೇ ಹೇಳ್ತೀನಿ ಕೇಳು, ಅಟ್ಕಿನ್ಸನ್ ಅವ್ರೂ ಎಲೆಕ್ಟ್ರಿಕಲ್ ಇಂಜಿನಿಯರೇ. ನ್ಯೂಕ್ಯಾಸಲ್ ಯೂನಿವರ್ಸಿಟಿಯಾಗ ಡಿಗ್ರಿ, ಆಮ್ಯಾಲ ಆಕ್ಸ್‌ಫರ್ಡಿನಾಗ ಮಾಸ್ಟರ್ಸ್. ಆಕ್ಸ್‌ಫರ್ಡಿಗಿ ಹೋಗಿದ್ದಕ್ಕೇ ರಿಚರ್ಡ್ ಕರ್ಟಿಸ್ ಅವ್ರು ಸಿಕ್ಕಿದ್ದು, ಬೀನ್ ಹುಟ್ಟಿಸಿದ್ದು ಇಬ್ರೂ ಕೂಡೇ. ಓದ್ಲಾಕ ಹೋದ ಜಾಗದಾಗೇ ಅವರಿಗಿ ತಮ್ಮ ಜೋಡಿ ಸಿಕ್ತು.

ಇಂಜಿನಿಯರ್ ತಲಿ ಬೀನ್ ಒಳಗೂ ಕಾಣಸ್ತದ. ಸೋಫಾ ಕುರ್ಚಿ ಕಾರಿನ ಟಾಪ್ ಮ್ಯಾಲ ಕಟ್ಟಿ, ಅದರ ಮ್ಯಾಲ ತಾನೇ ಕುಂತು, ಹಗ್ಗ ಮತ್ತ ಕಸಬರಿಗಿ ಕೋಲಿನಿಂದ ಕೆಳಗಿನ ಸ್ಟೇರಿಂಗ್, ಬ್ರೇಕ್ ಹಿಡ್ದು ಕಾರ್ ಓಡಸ್ತಾನಲ್ಲ, ಅದು ನೋಡು ಇನ್ನೊಮ್ಮೆ. ಯಾವ ಹಗ್ಗ ಎಲ್ಲಿಗಿ ಹೋಗ್ತದ, ಯಾವುದು ಜಗ್ಗಿದ್ರ ಏನಾಗ್ತದ ಅಂತ ನಮಗ ಮೊದ್ಲೇ ತೋರಸ್ತಾನ, ಅದಕ್ಕೇ ಅದು ತಪ್ಪಿದಾಗ ನಗಿ ಬರ್ತದ. ತೋರಿಸದೆ ತಪ್ಪಿದ್ರ ಅದು ಬರೇ ಆಕ್ಸಿಡೆಂಟ್. ನಿನ್ನ ಮೂಕಾಭಿನಯದಾಗ ಇದೊಂದು ಹಿಡ್ಕೋ, ಮೊದ್ಲು ಕೆಲಸ ಹ್ಯಾಂಗ ನಡೀತದ ಅನ್ನೋದು ನೋಡೋರಿಗಿ ಪೂರಾ ತಿಳಿಬೇಕು. ಮತ್ತ ಭಾಳ ಮಾಡಬ್ಯಾಡ, ಒಳ್ಳೇದು ಮಾಡು. ಹಳೆ ಬೀನ್ 1990ರಿಂದ 1995ರ ತನಕ ಟಿವಿಯಾಗ ಬಂದಿದ್ದು ಬರೇ 14 ಎಪಿಸೋಡು, ಅಷ್ಟರ ಮ್ಯಾಲೇ ಜಗತ್ತು ಇನ್ನೂ ನಗ್ಲಾಕತ್ತದ.

ಅಪ್ಪಗ ಈ ಪುಟ ತೋರಿಸು. ಡಿಗ್ರಿ ಮುಗಸ್ತೀನಿ ಅಂತ ಮೊದ್ಲು ಹೇಳು, ಆಮ್ಯಾಲ ಗ್ಯಾದರಿಂಗಿಗಿ ಕರ್ಕೊಂಡ್ ಹೋಗಿ ಮುಂದಿನ ಸಾಲಿನಾಗ ಕುಂದ್ರಸು.

ನನ್ನ ಮಗಗ ಒಂಬತ್ತು ವರ್ಷ, ಮಾತಾಡುವಾಗ ತೊದಲ್ತಾನ. ಸಾಲ್ಯಾಗ ಹುಡುಗ್ರು ಅಣಕಸ್ತಾರ, ಹಂಗಾಗಿ ಈಗ ಮಾತೇ ಕಡಿಮಿ ಮಾಡ್ಯಾನ. ಮನ್ಯಾಗ ಮಾತ್ರ ಬೀನ್ ಹಂಗ ಮಾಡಿ ಎಲ್ಲಾರ್ನೂ ನಗಸ್ತಾನ. ಹಂಗ ಮಾಡ್ಲಾಕ ಬಿಡಬೇಕೋ ಬ್ಯಾಡೋ? (ಶಹಾಪುರ, ಯಾದಗಿರಿ ಜಿಲ್ಲಾ)

ಬಿಡ್ರಿ ತಾಯಿ, ಖಂಡಿತ ಬಿಡ್ರಿ. ನಿಮ್ ಪತ್ರ ಓದಿ ಎರಡ್ ದಿನ ನನಗ ಬ್ಯಾರೆ ಪ್ರಶ್ನೆ ಮುಟ್ಲಾಕ ಆಗ್ಲಿಲ್ಲ. ಅಟ್ಕಿನ್ಸನ್ ಅವರಿಗೂ ತೊದಲು ಅದ. ಅದರಾಗೂ ಬ ಅಕ್ಷರ ಅವರಿಗಿ ತ್ರಾಸು, ಅದಕ್ಕೇ ಅವ್ರು ಬ ಬರೋ ಶಬ್ದ ಒತ್ತಿ ಒತ್ತಿ ಅಂತಾರ, ಅದೇ ಆಮ್ಯಾಲ ಅವರ ಕಾಮಿಡಿದಾಗ ಒಂದ್ ವಿಶೇಷ ಆಯ್ತು. ಬ್ಯಾರೆಯವ್ರ ಪಾತ್ರ ಮಾಡುವಾಗ ನನ್ನ ತೊದಲು ಹೋಗ್ತದ ಅಂತ ಅವ್ರೇ ಹೇಳ್ಯಾರ. ನಿಮ್ ಮಗ ಮನ್ಯಾಗ ಮಾಡೋದೂ ಅದೇ ಹಾದಿ, ಅವನಿಗಿ ಯಾರೂ ಹೇಳಿಕೊಡದೆ ಸಿಕ್ಕದ.

ಆದ್ರ ಬೀನ್ ಆಟ ಒಂದರಿಂದ ಎಲ್ಲಾ ಆಗ್ತದ ಅಂತ ಹೇಳಂಗಿಲ್ಲ. ಸ್ಪೀಚ್ ಥೆರಪಿ ಅಂತ ಇರ್ತದ, ಒಂಬತ್ತು ವರ್ಷಕ್ಕ ಶುರು ಮಾಡಿದ್ರ ತಡ ಆಗಿಲ್ಲ. ಜಿಲ್ಲಾ ಆಸ್ಪತ್ರೆಯಾಗ ಮಕ್ಕಳ ಡಾಕ್ಟರಿಗಿ ತೋರಿಸಿ ಎಲ್ಲಿಗಿ ಹೋಗಬೇಕು ಕೇಳ್ರಿ, ಮೈಸೂರಾಗ ಸರ್ಕಾರದ್ದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದ, ಇದೇ ಕೆಲಸಕ್ಕ ಇರೋದು. ಮನ್ಯಾಗ ಮಾಡೋದು ಏನಂದ್ರ, ಅಂವ ಮಾತಾಡುವಾಗ ಮುಖ ನೋಡಿ ಕೇಳ್ರಿ, ಶಬ್ದ ಸಿಕ್ಕಿಬಿದ್ದಾಗ ನೀವು ಮುಂದಿಂದು ತುಂಬಬ್ಯಾಡ್ರಿ, ಸಾವಕಾಶ ಹೇಳು, ಉಸಿರು ತಗೋ ಅಂತ ಎಲ್ಲಾರ ಮುಂದ ಅನಬ್ಯಾಡ್ರಿ. ಅಂವ ಮುಗಿಸೋ ತನಕ ಕಾಯ್ರಿ, ಅಷ್ಟೇ. ಅಣಕಸೋ ಹುಡುಗ್ರ ವಿಷಯ ಕ್ಲಾಸ್ ಟೀಚರಿಗಿ ನೀವೇ ಹೋಗಿ ಹೇಳ್ರಿ, ಮಗನ ಕೈಲಿ ಹೇಳಸಬ್ಯಾಡ್ರಿ. ಮುಂದಿನ ಸಾಲಿ ಹಬ್ಬದಾಗ ಅವನಿಗಿ ಬೀನ್ ಮಾಡ್ಲಾಕ ಐದು ನಿಮಿಷ ಕೊಡ್ತೀರೇನು ಅಂತನೂ ಅವಾಗೇ ಕೇಳ್ರಿ.

ಹೊಸದರಾಗ ಟೆಡ್ಡಿ ಯಾಕ ಇಲ್ಲ? ಟೆಡ್ಡಿ ಸತ್ತದ ಏನು? (ಯಾದಗಿರಿ, 4ನೇ ಕ್ಲಾಸ್)

ಇಲ್ಲ ಪುಟ್ಟಿ, ಟೆಡ್ಡಿ ಎಲ್ಲೂ ಹೋಗಿಲ್ಲ. ಟೆಡ್ಡಿ ಬೀನಂದು, ಟ್ರೆವರಂದು ಅಲ್ಲ, ಬ್ಯಾರೆಯವ್ರ ಗೊಂಬಿ ನಾವು ತಗೊಂಡ್ ಬರಂಗಿಲ್ಲ ಹೌದಲ್ಲ? ಕ್ರಿಸ್ಮಸ್ ದಿನ ಬೀನ್ ಅದಕ್ಕ ಎರಡು ಹೊಸ ಗುಂಡಿ ಕಣ್ಣು ಗಿಫ್ಟ್ ಕೊಟ್ಟಾನ, ನೋಡಿಲ್ಲ ಅಂದ್ರ ಅಪ್ಪಗ ಹೇಳಿ ಹುಡುಕಸು.

ಮತ್ತ ಬೀನ್ ಬರೋದೇ ಇಲ್ಲೇನು? ಖರೇ ಹೇಳ್ರಿ. (ಹುಮನಾಬಾದ್)

ಕಾರ್ಟೂನ್ ಬೀನ್ ಅಂತೂ ಅದಾನ. 2002ಕ್ಕ ಶುರು ಆಯ್ತು, ನಡುವ ನಿಂತು 2015ಕ್ಕ ಮತ್ತ ಬಂತು, ಗುರ್ ಗುರ್ ಅನ್ನೋ ಆ ಧ್ವನಿ ಅಟ್ಕಿನ್ಸನ್ ಅವರದ್ದೇ. ಪಿಕ್ಚರ್ ಎರಡು, 1997ಕ್ಕ ಒಂದು, 2007ಕ್ಕ ಒಂದು. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆದಾಗ ದೊಡ್ಡ ಆರ್ಕೆಸ್ಟ್ರಾ ನಡುವ ಕುಂತು ಒಂದೇ ಬೆರಳಿನಿಂದ ಕೀಬೋರ್ಡಿನ ಒಂದೇ ಮನಿ ಒತ್ತಿದ್ದು ನೀವು ನೋಡಿರಬೇಕು. ಅದೇ ವರ್ಷ ಅವ್ರು ಹೇಳಿದ್ರು, ಐವತ್ತು ದಾಟಿದ ಮನಷ್ಯಾ ಸಣ್ಣ ಹುಡುಗರಂಗ ಮಾಡಿದ್ರ ನೋಡ್ಲಾಕ ಜರಾ ದುಃಖ ಅನ್ಸ್ತದ ಅಂತ. 2021ಕ್ಕ ಇನ್ನೂ ಬಿಚ್ಚಿ ಹೇಳಿದ್ರು, ಬೀನ್ ಮಾಡೋದು ನನಗ ಖುಷಿ ಕೊಡೋದು ಕಡಿಮಿ, ಟೆನ್ಷನ್ ಮತ್ತ ದಣಿವು ಜಾಸ್ತಿ ಅಂತ. ಮಾತಿಲ್ಲದ ಪಾತ್ರ, ಇಡೀ ಭಾರ ಒಂದೇ ಮೈ ಮ್ಯಾಲ, ದಣಿವು ಆಗದೆ ಇರ್ತದ ಏನ್ರೀ. ಕಾರ್ಟೂನ್‌ಗ ಧ್ವನಿ ಕೊಡೋದು ಅವರಿಗಿ ಹಗುರ. ಎಪ್ಪತ್ತರ ಮನಷ್ಯಾ ಇಷ್ಟು ಕೊಟ್ಟಾರ, ಮತ್ತ ಕೋಳಿ ಒಳಗ ತಲಿ ಹಾಕು ಅಂತ ಕೇಳ್ಲಾಕ ನನಗ ಮನಸ್ಸು ಬರಂಗಿಲ್ಲ.

ನಾನು ರಿಟೈರ್ ಆಗಿ ಎಂಟ್ ವರ್ಷ ಆಯ್ತು, ಮನ್ಯಾಗ ನಾನು ಮತ್ತ ಮೊಮ್ಮಗಳು ಇಬ್ರೇ ಮಧ್ಯಾಹ್ನ. ಆಕಿ ಈ ಕೂಸಿನ ಸೀರೀಸ್ ಹಾಕು ಮುತ್ಯಾ ಅಂತಾಳ. ನನಗ ಇಂಗ್ಲಿಷ್ ಬರಂಗಿಲ್ಲ, ಸುಮ್ನ ಕುಂತು ಏನ್ ಮಾಡ್ಲಿ? (ಚಿತ್ತಾಪುರ)

ಕುಂದರ್ರಿ ಕಾಕಾ, ಆಕಿ ಜೋಡಿ ಕುಂದರ್ರಿ. ಹಳೆ ಬೀನ್‌ಕ್ಕಿಂತ ಇದರಾಗ ಮಾತು ಜಾಸ್ತಿ ಖರೇ, ಆದ್ರ ಮಾತು ಬರೋದು ಹೆಚ್ಚಾಗಿ ಫೋನ್ ಮ್ಯಾಲ ಮತ್ತ ಮಂದಿ ಬಂದಾಗ. ಅಂವ, ಕೂಸು, ಆ ದೊಡ್ಡ ಮನಿ ಇಷ್ಟೇ ಇದ್ದಾಗ ಇಂಗ್ಲಿಷ್ ಏನ್ ಬೇಕು. ಮೊದಲನೇ ಎಪಿಸೋಡು ಬಿಡಬ್ಯಾಡ್ರಿ, ಕೂಸು ಅವನ ಹಂತ್ಯಾಕ ಹ್ಯಾಂಗ ಬಂತು ಅನ್ನೋದು ಅದರಾಗೇ ಅದ. ದಿನಕ್ಕ ಒಂದೇ ನೋಡ್ರಿ, ನಾಕ್ ಮಧ್ಯಾಹ್ನ ಆಗ್ತದ. ಫೋನ್ ಸೀನ್ ಬಂದಾಗ ಪಾಜ್ ಮಾಡಿ ಏನಂದ ಅಂತ ಮೊಮ್ಮಗಳನ್ನ ಕೇಳ್ರಿ, ಆಕಿ ಹೇಳ್ತಾಳ. ಕೂಸಿಗಿ ಬಟ್ಟಿ ಬದಲಿ ಮಾಡೋ ಸೀನ್ ಬಂದಾಗ ನೀವು ಹೇಳ್ರಿ, ಆಕಿ ಅವ್ವ ಕೂಸಿದ್ದಾಗ ನೀವು ಹ್ಯಾಂಗ ಮಾಡ್ತಿದ್ರಿ ಅಂತ.